ಎದೆಗೆ ಕಟ್ಟುವ ಪಟ್ಟಿ: ಏನು ಹೇಳುತ್ತೆ, ಏನು ಹೇಳಲ್ಲ

ಇವತ್ತು ಒಂದು ಸಣ್ಣ ವಸ್ತುವಿನ ಬಗ್ಗೆ ಮಾತಾಡೋಣ. ವ್ಯಾಯಾಮ ಮಾಡುವಾಗ ಎದೆಗೆ ಕಟ್ಟಿಕೊಳ್ಳುವ ಹಾರ್ಟ್ ರೇಟ್ ಪಟ್ಟಿ, ಅಂದ್ರೆ ಚೆಸ್ಟ್ ಸ್ಟ್ರಾಪ್.

ನಾನು ಪುಣೆಗೆ ಬಂದು ಹನ್ನೊಂದು ವರ್ಷ. ಹಿಂಜೆವಾಡಿಯಲ್ಲಿ ಕೆಲಸ, ದಿನಕ್ಕೆ ಎಂಟ್ಹತ್ತು ತಾಸು ಕುರ್ಚಿ ಮೇಲೆ. ನಲವತ್ತು ತುಂಬಿದ ಮೇಲೆ ಸ್ವಲ್ಪ ಹೆದರಿಕೆ ಆಗಿ, ಬೆಳಗ್ಗೆ ವೇತಾಳ ಟೇಕಡಿ ಹತ್ತೋಕೆ ಶುರು ಮಾಡಿದೆ. ಏರಿನಲ್ಲಿ ಮಾತಾಡೋಕೂ ಆಗದಷ್ಟು ಏದುಸಿರು, ಆದ್ರೆ ಕೈಯಲ್ಲಿರೋ ಸ್ಮಾರ್ಟ್ ವಾಚ್ ತೋರಿಸ್ತಾ ಇದ್ದದ್ದು 118. ಕೆಳಗೆ ಬಂದು ಸಮತಟ್ಟು ರಸ್ತೆಯಲ್ಲಿ ಆರಾಮಾಗಿ ಓಡಿದ್ರೆ 172! ಮೈ ಒಂದು ಹೇಳುತ್ತೆ, ವಾಚ್ ಇನ್ನೊಂದು ಹೇಳುತ್ತೆ. ಯಾರನ್ನ ನಂಬೋದು?

ಜೊತೆಗೆ ಬರುತ್ತಿದ್ದ ಧಾರವಾಡದ ಗೆಳೆಯ ತನ್ನ ಚೆಸ್ಟ್ ಸ್ಟ್ರಾಪ್ ಒಂದು ದಿನದ ಮಟ್ಟಿಗೆ ಕೊಟ್ಟ. ಅದೇ ಏರಿನಲ್ಲಿ 164 ಬಂತು. ಅದೇ ರಸ್ತೆಯಲ್ಲಿ 141. ಎರಡೂ ನನ್ನ ಉಸಿರಿಗೆ ಸರಿಯಾಗಿ ಹೊಂದುತ್ತಿದ್ದವು. ಮರುದಿನವೇ ನಾನೂ ಒಂದು ತರಿಸಿಕೊಂಡೆ. ಆ ಗೆಳೆಯನಿಗೆ ಆಮೇಲೆ ಏನಾಯ್ತು ಅನ್ನೋದನ್ನ ಕೊನೆಯಲ್ಲಿ ಹೇಳ್ತೀನಿ, ಯಾಕಂದ್ರೆ ಇವತ್ತಿನ ಮಾತಿಗೆ ಅವನೇ ಕಾರಣ.

ವಾಚ್ ಎಲ್ಲಿ ಎಡವುತ್ತೆ?

ವಾಚೂ ಪಟ್ಟಿಯೂ ಅಳೆಯೋದು ಬೇರೆ ಬೇರೆ ಸಂಗತಿ. ವಾಚಿನ ಹಿಂಭಾಗದಲ್ಲಿ ಹಸಿರು ದೀಪ ಮಿನುಗೋದು ನೋಡಿರ್ತೀರಿ. ಆ ಬೆಳಕು ಚರ್ಮದೊಳಗೆ ಹೋಗುತ್ತೆ, ರಕ್ತ ಒಂದಷ್ಟನ್ನು ಹೀರಿಕೊಳ್ಳುತ್ತೆ, ಉಳಿದದ್ದು ವಾಪಸ್ ಬರುತ್ತೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಹೆಚ್ಚು ಕಡಿಮೆ ಆಗುತ್ತಲ್ಲ, ಆ ಏರಿಳಿತವನ್ನು ವಾಚ್ ಎಣಿಸುತ್ತೆ. ಕೂತಾಗ, ಮಲಗಿದಾಗ ಚೆನ್ನಾಗಿಯೇ ಎಣಿಸುತ್ತೆ. ಓಡುವಾಗ ಕೈ ಬೀಸುತ್ತೆ, ವಾಚ್ ಅಲ್ಲಾಡುತ್ತೆ, ಆ ಅಲುಗಾಟವೂ ಲೆಕ್ಕದೊಳಗೆ ಸೇರಿಕೊಳ್ಳುತ್ತೆ. ಸಾಮಾನ್ಯವಾಗಿ ಓಡುವಾಗ ನಾವು ನಿಮಿಷಕ್ಕೆ 160ರಿಂದ 180 ಹೆಜ್ಜೆ ಹಾಕ್ತೀವಿ. ಕೆಲವು ಸಲ ವಾಚ್ ಆ ಹೆಜ್ಜೆಯ ಲಯವನ್ನೇ ಹೃದಯದ ಬಡಿತ ಅಂದುಕೊಂಡುಬಿಡುತ್ತೆ. ನನ್ನ 172 ಹೃದಯದ್ದಲ್ಲ, ಕಾಲಿನದು! ಜಿಮ್‌ನಲ್ಲಿ ಡಂಬೆಲ್ ಬಿಗಿಯಾಗಿ ಹಿಡಿದಾಗ, ದಿಲ್ಲಿಯ ಚಳಿಯಲ್ಲಿ ಕೈ ತಣ್ಣಗಾದಾಗಲೂ ಹೀಗೇ ಎಡವಟ್ಟು ಆಗುತ್ತೆ.

ಪಟ್ಟಿಯ ದಾರಿ ಬೇರೆ. ಹೃದಯ ಪ್ರತಿ ಸಲ ಹಿಂಡಿಕೊಳ್ಳುವ ಮುಂಚೆ ಅದರಲ್ಲಿ ಒಂದು ಸಣ್ಣ ವಿದ್ಯುತ್ ಅಲೆ ಹಾಯುತ್ತೆ. ಆಸ್ಪತ್ರೆಯಲ್ಲಿ ಇಸಿಜಿ ತೆಗೆಯೋದು ಇದನ್ನೇ. ಇಸಿಜಿ ಕಾಗದದಲ್ಲಿ ಚೂಪಾಗಿ ಮೇಲೆದ್ದು ಕಾಣೋ ಗೀಟು ಇದೆಯಲ್ಲ, ಪಟ್ಟಿ ಅದನ್ನು ಹುಡುಕಿ, ಒಂದು ಚೂಪಿನಿಂದ ಇನ್ನೊಂದಕ್ಕೆ ಎಷ್ಟು ಸಮಯ ಅಂತ ನೋಡುತ್ತೆ. 0.4 ಸೆಕೆಂಡ್ ಆದರೆ, 60ನ್ನು ಅದರಿಂದ ಭಾಗಿಸಿ, ನಿಮಿಷಕ್ಕೆ 150. ಮೂಲವನ್ನೇ ಕೇಳಿಸಿಕೊಳ್ಳೋದ್ರಿಂದ ವೇಗ ಏರಿಸಿದಾಗ, ಇಳಿಸಿದಾಗ ಅಂಕಿಯೂ ಬೇಗ ಬದಲಾಗುತ್ತೆ. ಇದೇನೂ ಹೊಸ ತಂತ್ರಜ್ಞಾನ ಅಲ್ಲ. ಫಿನ್‌ಲ್ಯಾಂಡಿನ ಪೋಲಾರ್ ಕಂಪನಿ ವೈರ್ ಇಲ್ಲದ ಮೊದಲ ಹಾರ್ಟ್ ರೇಟ್ ಮಾನಿಟರನ್ನು 1982ರಲ್ಲೇ ತಂದಿತ್ತು.

ಕಟ್ಟೋದು ಹೇಗೆ?

ದುಡ್ಡು ಕೊಟ್ಟು ತಂದು, "ಇದೂ ತಪ್ಪೇ ತೋರಿಸುತ್ತೆ" ಅಂತ ಡ್ರಾಯರ್‌ಗೆ ಹಾಕೋರೇ ಜಾಸ್ತಿ. ಸಾಮಾನ್ಯವಾಗಿ ಕಾರಣ ಒಂದೇ: ಒಣ ಪಟ್ಟಿ. ಪಟ್ಟಿಯ ಒಳಭಾಗದಲ್ಲಿ ಎರಡು ಎಲೆಕ್ಟ್ರೋಡ್ ಇರುತ್ತವೆ. ಚರ್ಮಕ್ಕೂ ಅವಕ್ಕೂ ನಡುವೆ ತೇವ ಇಲ್ಲದಿದ್ರೆ ಸಿಗ್ನಲ್ ಸರಿಯಾಗಿ ಸಿಗಲ್ಲ. ಬೆವರು ಬಂದಮೇಲೆ ತಾನೇ ಸರಿಹೋಗುತ್ತೆ, ಆದ್ರೆ ಮೊದಲ ಐದು ಹತ್ತು ನಿಮಿಷ 60, ಆಮೇಲೆ 210, ಹೀಗೆ ಏನೇನೋ ಬರಬಹುದು. ಅದಕ್ಕೇ ಕಟ್ಟುವ ಮುಂಚೆ ಆ ಭಾಗಕ್ಕೆ ನೀರು ಹಚ್ಚಿ. ಸಿಂಥೆಟಿಕ್ ಟೀ ಶರ್ಟ್ ಒಣಗಿದ್ದು ಮೈಗೆ ಉಜ್ಜುತ್ತಿದ್ದರೂ ಸ್ಥಾಯೀ ವಿದ್ಯುತ್ತಿನಿಂದ ಹೀಗಾಗುತ್ತೆ.

ಪಟ್ಟಿ ಕೂರಬೇಕಾದ್ದು ಎದೆಯ ಸ್ನಾಯುಗಳ ಕೆಳಗೆ, ಸೆನ್ಸರ್ ಸರಿಯಾಗಿ ಮಧ್ಯಕ್ಕೆ. ಹೆಂಗಸರಿಗೆ ಸ್ಪೋರ್ಟ್ಸ್ ಬ್ರಾ ಪಟ್ಟಿಯ ಕೆಳಗೆ. ಓಡಿದರೆ ಜಾರಬಾರದು, ಉಸಿರೆಳೆದರೆ ಬಿಗಿಯಬಾರದು, ಅಷ್ಟು. ಮುಗಿದ ಮೇಲೆ ಸೆನ್ಸರ್ ಬಿಚ್ಚಿಡಿ. ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಇನ್ನೂ ಮೈಮೇಲೆ ಇದ್ದೀನಿ ಅಂದುಕೊಂಡು ಬ್ಯಾಟರಿ ತಿನ್ನುತ್ತೆ. ಪಟ್ಟಿಯನ್ನು ನೀರಲ್ಲಿ ತೊಳೆದು ಒಣಹಾಕಿ. ಬೆವರಿನ ಉಪ್ಪು ಉಳಿದರೆ ಪಟ್ಟಿ ಬೇಗ ಹಾಳಾಗುತ್ತೆ.

220ರ ಲೆಕ್ಕ

ಅಂಕಿ ಸರಿಯಾಗಿ ಬಂತು. ಅದನ್ನ ಏನು ಮಾಡೋದು? ಆ್ಯಪ್ ನಿಮ್ಮ ವಯಸ್ಸು ಕೇಳಿ, 220ರಿಂದ ಕಳೆದು, ಅದೇ ನಿಮ್ಮ ಗರಿಷ್ಠ ಬಡಿತ ಅನ್ನುತ್ತೆ. ಈ ಸೂತ್ರ ಪ್ರಚಾರಕ್ಕೆ ಬಂದದ್ದು 1971ರಲ್ಲಿ, ಆಗ ಲಭ್ಯವಿದ್ದ ಬೇರೆ ಬೇರೆ ಅಧ್ಯಯನಗಳ ಅಂಕಿಗಳ ನಡುವೆ ಅಂದಾಜಿಗೆ ಎಳೆದ ಒಂದು ಗೆರೆಯಾಗಿ. 2001ರಲ್ಲಿ ಇನ್ನೊಂದು ಸೂತ್ರ ಬಂತು: ವಯಸ್ಸನ್ನು 0.7ರಿಂದ ಗುಣಿಸಿ, 208ರಿಂದ ಕಳೆಯಿರಿ. ನಲವತ್ತರಲ್ಲಿ ಎರಡೂ 180 ಕೊಡುತ್ತವೆ. ಅರವತ್ತರಲ್ಲಿ ಒಂದು 160, ಇನ್ನೊಂದು 166.

ಆದ್ರೆ ಎರಡೂ ಸರಾಸರಿಗಳೇ. ನಿಮ್ಮ ನಿಜವಾದ ಗರಿಷ್ಠ ಇದಕ್ಕಿಂತ ಹತ್ತು ಹನ್ನೆರಡು ಮೇಲೋ ಕೆಳಗೋ ಇರೋದು ತೀರಾ ಸಾಮಾನ್ಯ. ನಮ್ಮ ಆಫೀಸ್ ಭಾಷೇಲಿ ಹೇಳೋದಾದ್ರೆ, ಇದು ಡಿಫಾಲ್ಟ್ ವ್ಯಾಲ್ಯೂ. ಕೆಲಸ ಶುರು ಮಾಡೋಕೆ ಸಾಕು, ಅದೇ ಸತ್ಯ ಅಂತ ಕೂರೋಕಾಗಲ್ಲ.

180 ಅಂತಲೇ ಇಟ್ಟುಕೊಳ್ಳಿ. ಅದರ 64ರಿಂದ 76 ಶೇಕಡಾ, ಅಂದ್ರೆ ಸುಮಾರು 115ರಿಂದ 137, ಮಧ್ಯಮ ವ್ಯಾಯಾಮ. ಅದಕ್ಕಿಂತ ಮೇಲೆ, 167ರವರೆಗೆ, ಜೋರಿನದು. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವ್ಯಾಯಾಮ ಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸೂತ್ರದ ಮೇಲೆ ಅನುಮಾನ ಇದ್ರೆ ಮಾತಿನಿಂದ ಪರೀಕ್ಷೆ ಮಾಡಿ. ನಡೀತಾ ಊರಿಗೆ ಫೋನ್ ಮಾಡಿದರೆ ಅಮ್ಮ "ಯಾಕೋ, ಏದುಸಿರು ಬಿಡ್ತಿದೀಯಾ?" ಅಂತ ಕೇಳಬೇಕು, ಆದ್ರೆ ನಿಮ್ಮ ಮಾತು ನಿಲ್ಲಬಾರದು. ಅದು ಮಧ್ಯಮ. ನಾಲ್ಕು ಪದಕ್ಕೇ ಉಸಿರು ಸಿಕ್ಕಿಕೊಂಡರೆ ಅದು ಜೋರು. ಆ ಹೊತ್ತಿಗೆ ಪಟ್ಟಿ ತೋರಿಸೋ ಅಂಕಿಯೇ ನಿಮ್ಮ ಸ್ವಂತ ಗಡಿ.

ಚೆನ್ನೈ, ಮುಂಬೈನಲ್ಲಿ ಇರೋರಿಗೆ ಇನ್ನೊಂದು ಮಾತು. ಸೆಖೆಯಲ್ಲಿ ಬೆವರು ಆರಲ್ಲ, ಮೈ ತಂಪಾಗಿಸೋಕೆ ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಮೈಯಲ್ಲಿ ನೀರೂ ಕಮ್ಮಿ ಆಗ್ತಾ ಹೋಗುತ್ತೆ. ಹಾಗಾಗಿ ಅದೇ ವೇಗದಲ್ಲಿ ಓಡಿದ್ರೂ ಬಡಿತ ಮೆಲ್ಲಗೆ ಏರ್ತಾನೇ ಇರುತ್ತೆ. ಬೆಂಗಳೂರಿನಲ್ಲಿ ಓಡ್ತಿದ್ದ ವೇಗವೇ ಬೇಕು ಅಂತ ಹಟ ಮಾಡಬೇಡಿ. ವೇಗ ಇಳಿಸಿ.

ಪಟ್ಟಿ ಹೇಳದೇ ಇರೋದು

ಈಗ ಗೆಳೆಯನ ವಿಷಯ. 43 ವರ್ಷ, ಸಿಗರೇಟಿಲ್ಲ, ನನಗಿಂತ ಚುರುಕು. ಒಂದು ದಿನ ಏರಿನಲ್ಲಿ ನಿಂತು ಎದೆ ಒತ್ತಿಕೊಂಡ. ಬಿಗಿದ ಹಾಗಾಗುತ್ತೆ, ದವಡೆವರೆಗೂ ನೋವು ಅಂದ. ಕೂರೋ ಅಂದ್ರೆ ಫೋನ್ ತೋರಿಸಿದ. "ಏನಿಲ್ಲ ಬಿಡೋ, ಗ್ಯಾಸ್ ಆಗೇತಿ. ನೋಡಿಲ್ಲೆ, ಬರೀ 132 ಐತಿ." ನಾನೂ ಆ 132 ನೋಡಿ ಸುಮ್ಮನಾದೆ. ಹೀಗೇ ಮೂರು ವಾರ ಹತ್ತಿದ. ಕೊನೆಗೆ ಅವನ ಹೆಂಡತಿ ಹಟ ಹಿಡಿದು ಕರಕೊಂಡು ಹೋದ್ರು. ಆಂಜಿಯೋಗ್ರಾಂನಲ್ಲಿ ಬ್ಲಾಕ್ ಸಿಕ್ಕಿತು, ಸ್ಟೆಂಟ್ ಹಾಕಿದರು.

ಪಟ್ಟಿ ಸುಳ್ಳು ಹೇಳಿರಲಿಲ್ಲ. ಅವತ್ತು ಬಡಿತ ನಿಜವಾಗಿಯೂ 132 ಇತ್ತು. ಆದ್ರೆ ಪಟ್ಟಿ ಬಡಿತ ಎಣಿಸುತ್ತೆ, ಹೃದಯದ ಸ್ನಾಯುವಿಗೆ ಸಾಕಷ್ಟು ರಕ್ತ ಸಿಗ್ತಾ ಇದೆಯಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಅದನ್ನು ಕೇಳೋಕೆ ಅದು ತಪ್ಪು ಜಾಗ. ಅದು ನನಗೂ ಅವತ್ತು ಹೊಳೆಯಲಿಲ್ಲ.

ಆದ್ದರಿಂದ ದಯವಿಟ್ಟು ಇಷ್ಟು ನೆನಪಿಡಿ. ವ್ಯಾಯಾಮದಲ್ಲಿ ಎದೆ ಬಿಗಿತ, ತೋಳು ಅಥವಾ ದವಡೆಗೆ ಹರಡುವ ನೋವು, ತಲೆ ತಿರುಗು, ತಣ್ಣನೆ ಬೆವರು ಬಂದರೆ ಅಂಕಿ ನೋಡಬೇಡಿ. ನಿಲ್ಲಿಸಿ. ಕೂತ ಮೇಲೆ ಕಮ್ಮಿ ಆದರೂ ಅವತ್ತೇ ಡಾಕ್ಟರಿಗೆ ತೋರಿಸಿ. ಕಮ್ಮಿ ಆಗದಿದ್ರೆ 112ಕ್ಕೆ ಫೋನ್ ಮಾಡಿ, ಗಾಡಿ ಓಡಿಸಿಕೊಂಡು ಹೋಗಬೇಡಿ. ಬಿಪಿ, ಶುಗರ್ ಇದ್ದರೆ, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯದ ತೊಂದರೆ ಆಗಿದ್ರೆ, ಜೋರಿನ ವ್ಯಾಯಾಮಕ್ಕೆ ಇಳಿಯುವ ಮೊದಲೇ ತೋರಿಸಿಕೊಳ್ಳಿ. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳೋರಿಗೆ ಬಡಿತ ಹೆಚ್ಚು ಏರೋದೇ ಇಲ್ಲ, ಅವರಿಗೆ 220ರ ಲೆಕ್ಕ ಹೊಂದಲ್ಲ. ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳದೆ ಪಟ್ಟಿ ಕಟ್ಟಬೇಡಿ.

ಗೆಳೆಯ ಈಗ ಮತ್ತೆ ಟೇಕಡಿಗೆ ಬರ್ತಾನೆ. ಎಷ್ಟು ಬಡಿತದ ಒಳಗೆ ಇರಬೇಕು ಅಂತ ಡಾಕ್ಟರ್ ಹೇಳಿದ್ದಾರೆ, ಪಟ್ಟಿ ಕಟ್ಟಿಕೊಂಡೇ ಹತ್ತುತ್ತಾನೆ. ಏರಿನ ಅರ್ಧಕ್ಕೆ ಬಂದಾಗ ನಾನು ಕೇಳ್ತೀನಿ, "ಹೆಂಗದಿ?" ಅಂತ. ಅವನು ಉತ್ತರ ಹೇಳಿದ ಮೇಲೇ ಇಬ್ಬರೂ ಫೋನ್ ನೋಡೋದು.