ಶಾಲೆಯಲ್ಲಿ ಯಾವ ಸಿನಿಮಾ? ಪೋಷಕರು ತಿಳಿದಿರಬೇಕಾದ ಕಾನೂನು, ಕೇಳಬೇಕಾದ ಪ್ರಶ್ನೆ

ಶಾಲೆಯ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬರುತ್ತೆ. ಶುಕ್ರವಾರ ಮಕ್ಕಳನ್ನು ಸಿನಿಮಾಕ್ಕೆ ಕರ್ಕೊಂಡು ಹೋಗ್ತೇವೆ, ಟಿಕೆಟ್ ದುಡ್ಡು ಕಳಿಸಿ, ಯೂನಿಫಾರ್ಮ್ ಕಡ್ಡಾಯ. ಯಾವ ಸಿನಿಮಾ ಅಂತ ಕೆಲವು ಸಲ ಬರೆದಿರುತ್ತೆ, ಕೆಲವು ಸಲ ಇರೋದಿಲ್ಲ. ಅದಕ್ಕೆ ಯಾವ ಸರ್ಟಿಫಿಕೇಟ್ ಇದೆ ಅನ್ನೋದನ್ನಂತೂ ಯಾರೂ ಬರೆಯೋದಿಲ್ಲ. ನಾವೂ ಕೇಳೋದಿಲ್ಲ. ಮೇಷ್ಟ್ರು ಆರಿಸಿದ್ದಾರೆ ಅಂದ ಮೇಲೆ ಸರಿಯಾದದ್ದೇ ಇರಬೇಕು ಅಂತ ಗೂಗಲ್ ಪೇ ಮಾಡಿ ಸುಮ್ಮನಾಗ್ತೇವೆ.

ಸಿನಿಮಾ ತೋರಿಸೋದು ತಪ್ಪೇನಲ್ಲ. ಒಳ್ಳೆಯ ಸಿನಿಮಾ ಒಂದು ಒಳ್ಳೆಯ ಪಾಠಕ್ಕೆ ಸಮ. ಆದರೆ ವಯಸ್ಸಿಗೆ ಸಲ್ಲದ ಸಿನಿಮಾವನ್ನು ಶಾಲೆ ತೋರಿಸಬಹುದಾ? ಅದನ್ನು ತೀರ್ಮಾನಿಸುವ ಹಕ್ಕು ಯಾರದು? ಈ ಎರಡು ಪ್ರಶ್ನೆಗಳಿಗೆ ಕಾನೂನಿನಲ್ಲಿ ಉತ್ತರ ಇದೆ. ಮೊದಲು ಅದನ್ನು ನೋಡೋಣ, ಆಮೇಲೆ ಕಾನೂನಿನ ಆಚೆಗಿನ ಮಾತು.

ಸರ್ಟಿಫಿಕೇಟ್ ಹೇಳುವುದೇನು?

ನಮ್ಮ ದೇಶದ ಸೆನ್ಸಾರ್ ವ್ಯವಸ್ಥೆ ನಿಂತಿರುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಮೇಲೆ. 'ಯು' ಅಂದ್ರೆ ಎಲ್ಲರೂ ನೋಡಬಹುದು. 'ಎ' ಅಂದ್ರೆ ಹದಿನೆಂಟು ತುಂಬಿದವರಿಗೆ ಮಾತ್ರ. ಇವೆರಡರ ನಡುವೆ 'ಯುಎ' ಇದೆ. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಈ ಯುಎ ಮೂರು ಭಾಗ ಆಯ್ತು: 7+, 13+, 16+.

ಇಲ್ಲಿ ಎರಡು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಮೊದಲನೆಯದು, 'ಎ' ಅನ್ನೋದು ಸಲಹೆ ಅಲ್ಲ, ನಿಷೇಧ. ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ವಯಸ್ಕರಿಗೆ ಮಾತ್ರ ಅಂತ ಸರ್ಟಿಫಿಕೇಟ್ ಪಡೆದ ಸಿನಿಮಾವನ್ನು ವಯಸ್ಕರಲ್ಲದವರಿಗೆ ತೋರಿಸೋದು ಕಾನೂನಿನ ಉಲ್ಲಂಘನೆ. ಆ ಸೆಕ್ಷನ್ನು ಥಿಯೇಟರ್ ಅಂತ ಹೇಳೋದಿಲ್ಲ, 'ಯಾವುದೇ ಸ್ಥಳದಲ್ಲಿ' ಅನ್ನುತ್ತೆ. ಒಳ್ಳೆಯ ಉದ್ದೇಶಕ್ಕೆ, ಜಾಗೃತಿ ಮೂಡಿಸೋದಕ್ಕೆ ಅಂತ ಹೇಳಿಕೊಂಡರೆ ಅದಕ್ಕೆ ವಿನಾಯಿತಿ ಏನೂ ಬರೆದಿಲ್ಲ.

ಎರಡನೆಯದು, ಯುಎ 7+, 13+, 16+ ಅನ್ನೋವು ನಿಷೇಧ ಅಲ್ಲ, ಸೂಚನೆ. ಆದರೆ ಯಾರಿಗೆ ಸೂಚನೆ? ತಂದೆ ತಾಯಿಗೆ, ಪೋಷಕರಿಗೆ. ಮಗು ಇದನ್ನು ನೋಡಬಹುದೋ ಬೇಡವೋ ಅನ್ನೋದನ್ನು ಮನೆಯವರು ಯೋಚಿಸಲಿ ಅಂತ ಕಾನೂನು ಆ ತೀರ್ಮಾನವನ್ನು ಮನೆಗೆ ಬಿಟ್ಟಿದೆ. ಹೆಡ್‌ಮಾಸ್ಟರಿಗೋ ಶಾಲೆಯ ಟ್ರಸ್ಟಿಗೋ ಬಿಟ್ಟಿಲ್ಲ. ಹಾಗಾಗಿ 16+ ಸಿನಿಮಾಕ್ಕೆ ಏಳನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ಕರ್ಕೊಂಡು ಹೋದರೆ ಶಾಲೆಯವರು ಜೈಲಿಗೇನೂ ಹೋಗೋದಿಲ್ಲ. ಆದರೆ ನಮ್ಮನ್ನು ಕೇಳದೇ ನಮ್ಮ ಜಾಗದಲ್ಲಿ ಕೂತು ತೀರ್ಮಾನ ಮಾಡಿದ ಹಾಗಾಯ್ತು.

ಈಗ ಸ್ಮಾರ್ಟ್ ಬೋರ್ಡ್ ಬಂದ ಮೇಲೆ ಥಿಯೇಟರಿನ ಅಗತ್ಯವೇ ಇಲ್ಲ. ಟೀಚರ್ ತಮ್ಮ ಫೋನಿನಿಂದಲೇ ಒಟಿಟಿ ಹಾಕಬಹುದು. ಒಟಿಟಿಗೆ ಸೆನ್ಸಾರ್ ಮಂಡಳಿ ಇಲ್ಲ ನಿಜ, ಆದರೆ 2021ರ ಐಟಿ ನಿಯಮಗಳ ಪ್ರಕಾರ ಅಲ್ಲೂ ಇದೇ ತರಹದ ವಯಸ್ಸಿನ ವರ್ಗಗಳಿವೆ. 13+ ಮತ್ತು ಅದಕ್ಕೆ ಮೇಲಿನವಕ್ಕೆ ಪೋಷಕರ ಲಾಕ್ ಇರಬೇಕು, 'ಎ'ಗೆ ವಯಸ್ಸು ಖಾತ್ರಿ ಮಾಡಿಕೊಳ್ಳುವ ವ್ಯವಸ್ಥೆ ಇರಬೇಕು. ಮೇಷ್ಟ್ರ ಅಕೌಂಟಿನಿಂದ ನಲವತ್ತು ಮಕ್ಕಳಿಗೆ ತೋರಿಸಿದರೆ ಆ ಲಾಕಿಗೆ ಏನು ಅರ್ಥ ಉಳಿಯುತ್ತೆ, ಹೇಳಿ.

ಎರಡು ಸಿನಿಮಾ

'ದಿ ಕೇರಳ ಸ್ಟೋರಿ' ಬಿಡುಗಡೆ ಆದದ್ದು 2023ರ ಮೇ 5ರಂದು, 'ಎ' ಸರ್ಟಿಫಿಕೇಟಿನೊಂದಿಗೆ. ಅದರ ಟೀಸರಿನಲ್ಲಿ 32,000 ಹೆಣ್ಣುಮಕ್ಕಳ ಕಥೆ ಅಂತ ಹೇಳಿಕೊಂಡಿದ್ದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. ಪಶ್ಚಿಮ ಬಂಗಾಳ ಹಾಕಿದ್ದ ನಿಷೇಧಕ್ಕೆ ಕೋರ್ಟು ತಡೆ ಕೊಟ್ಟಿತು. ಜೊತೆಗೆ, ಆ ಅಂಕಿಗೆ ಅಧಿಕೃತ ದಾಖಲೆ ಇಲ್ಲ, ಇದು ಕಲ್ಪನೆ ಸೇರಿಸಿದ ಕಥೆ ಅಂತ ಸಿನಿಮಾದಲ್ಲಿ ಸೂಚನೆ ಹಾಕಬೇಕು ಅಂತಲೂ ಹೇಳಿತು. ದೊಡ್ಡವರಿಗೆ ಇದು ನ್ಯಾಯವಾದ ದಾರಿಯೇ. ನೋಡಬೇಕೆನ್ನುವವರು ನೋಡಲಿ, ಆದರೆ ಸುಳ್ಳು ಲೆಕ್ಕ ನಂಬಬೇಡಿ ಅಂದ ಹಾಗೆ.

ಮಕ್ಕಳ ವಿಷಯ ಹಾಗಲ್ಲ. 2024ರ ಏಪ್ರಿಲ್‌ನಲ್ಲಿ ಕೇರಳದ ಇಡುಕ್ಕಿ ಕ್ಯಾಥೋಲಿಕ್ ಧರ್ಮಪ್ರಾಂತದವರು ಇದೇ ಸಿನಿಮಾವನ್ನು ರಜೆಯ ಧರ್ಮಪಾಠದ ಭಾಗವಾಗಿ ಹತ್ತರಿಂದ ಹನ್ನೆರಡನೇ ಕ್ಲಾಸಿನವರೆಗಿನ ಮಕ್ಕಳಿಗೆ ತೋರಿಸಿದರು. ಪ್ರೇಮದ ಹೆಸರಿನ ಬಲೆಯ ಬಗ್ಗೆ ಎಚ್ಚರಿಸೋದಕ್ಕೆ ಅಂತ ಸಮರ್ಥನೆ ಬಂತು. ಹದಿನೈದು ಹದಿನಾರರ ಮಗುವಿಗೆ ಪ್ರೀತಿ ಪ್ರೇಮದ ಬಗ್ಗೆ ಎಚ್ಚರ ಹೇಳಬೇಕು ಅನ್ನೋದು ನಾವೂ ಒಪ್ಪುವ ಮಾತೇ, ನಮ್ಮ ಮನೆಗಳಲ್ಲೂ ಹೇಳ್ತೇವೆ. ಆದರೆ ಅದಕ್ಕೆ ಅತ್ಯಾಚಾರ, ಹಿಂಸೆಯ ದೃಶ್ಯಗಳಿರುವ 'ಎ' ಸಿನಿಮಾನೇ ಬೇಕಾ? ಕೋರ್ಟು ಹಾಕಿಸಿದ ಸೂಚನೆ ಪರದೆ ಮೇಲೆ ಇರೋದು ಕೆಲವೇ ಸೆಕೆಂಡು. ಆಮೇಲೆ ಎರಡು ಗಂಟೆಗೂ ಹೆಚ್ಚು ಹೊತ್ತು ಕಣ್ಣಿಗೆ ಬೀಳೋದೇ ಬೇರೆ. ಮಗುವಿನ ಮನಸ್ಸಿನಲ್ಲಿ ಯಾವುದು ಉಳಿಯುತ್ತೆ ಅನ್ನೋದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು 'ಛಾವಾ', 2025ರ ಫೆಬ್ರವರಿಯಲ್ಲಿ ಬಂದದ್ದು. ಮುಂಬೈ, ಪುಣೆಯಲ್ಲಿ ಇರುವವರಿಗೆ ಆ ದಿನಗಳು ನೆನಪಿರುತ್ತವೆ. ಸಂಭಾಜಿ ಮಹಾರಾಜರನ್ನು ಔರಂಗಜೇಬ ಚಿತ್ರಹಿಂಸೆ ಕೊಟ್ಟು ಕೊಲ್ಲಿಸಿದ್ದು ಇತಿಹಾಸ, ಅದನ್ನು ಯಾರೂ ಅಲ್ಲಗಳೆಯೋದಿಲ್ಲ. ಸಿನಿಮಾದ ಕೊನೆಯಲ್ಲಿ ಆ ಹಿಂಸೆಯನ್ನು ಬಹಳ ಹೊತ್ತು ತೋರಿಸ್ತಾರೆ. ಅದಕ್ಕೇ ಮಂಡಳಿ ಯುಎ 16+ ಕೊಟ್ಟದ್ದು. ಆದರೂ ಆರು ಏಳು ವರ್ಷದ ಮಕ್ಕಳು ಥಿಯೇಟರಿನಲ್ಲಿ ಬಿಕ್ಕಿ ಬಿಕ್ಕಿ ಅಳುವ ವಿಡಿಯೋಗಳನ್ನು ಜನ ಹೆಮ್ಮೆಯಿಂದ ಹಂಚಿಕೊಂಡರು. ಮಾರ್ಚ್ 17ರಂದು ನಾಗಪುರದಲ್ಲಿ ಔರಂಗಜೇಬನ ಗೋರಿಯ ವಿವಾದದಿಂದ ಗಲಭೆ ಆಯ್ತು. ಈ ಸಿನಿಮಾದಿಂದ ಜನರಲ್ಲಿ ಔರಂಗಜೇಬನ ಮೇಲಿನ ಸಿಟ್ಟು ಮತ್ತೆ ಹೊತ್ತಿಕೊಂಡಿದೆ ಅಂತ ಮುಖ್ಯಮಂತ್ರಿಯೇ ವಿಧಾನಸಭೆಯಲ್ಲಿ ಹೇಳಿದರು. ದೊಡ್ಡವರ ಸಿಟ್ಟನ್ನೇ ಕೆದಕಬಲ್ಲ ಸಿನಿಮಾ, ಆರನೇ ಕ್ಲಾಸಿನ ಮಗುವಿನೊಳಗೆ ಏನು ಮಾಡಬಹುದು?

ಥಿಯೇಟರ್ ಬೇರೆ, ತರಗತಿ ಬೇರೆ

ಥಿಯೇಟರಿಗೆ ಹೋದವರು ತಾವೇ ಟಿಕೆಟ್ ಕೊಂಡು ಹೋಗಿರ್ತಾರೆ. ಬೇಜಾರಾದರೆ ಎದ್ದು ಬರ್ತಾರೆ. ತರಗತಿಯ ಮಗುವಿಗೆ ಆ ಸ್ವಾತಂತ್ರ್ಯ ಇಲ್ಲ. ಹಾಜರಿ ಹಾಕಿದ್ದಾರೆ, ಬಾಗಿಲ ಹತ್ತಿರ ಟೀಚರ್ ನಿಂತಿದ್ದಾರೆ, ಸುತ್ತ ಗೆಳೆಯರಿದ್ದಾರೆ. ಕಣ್ಣು ಮುಚ್ಚಿಕೊಂಡರೆ ಹೆದರುಪುಕ್ಕಲು ಅಂತಾರೆ, ಎದ್ದು ಹೋದರೆ ಇನ್ನೇನೋ ಅಂತಾರೆ. ಜೊತೆಗೆ ಶಾಲೆ ತೋರಿಸಿದ್ದೆಲ್ಲ ಮಗುವಿಗೆ ಪಾಠವೇ. ಕಥೆ, ಇತಿಹಾಸ, ಪ್ರಚಾರ ಅಂತ ಬೇರ್ಪಡಿಸೋದಕ್ಕೆ ಅದಕ್ಕಿನ್ನೂ ಬರೋದಿಲ್ಲ.

ಆ ಸಾಲಿನಲ್ಲಿ ಒಂದೇ ಒಂದು ಮುಸ್ಲಿಂ ಮಗು ಕೂತಿದೆ ಅಂದ್ಕೊಳ್ಳಿ. ದೀಪ ಹತ್ತಿದ ಕೂಡಲೇ ಎಲ್ಲರ ಕಣ್ಣು ಅದರ ಕಡೆ ತಿರುಗುತ್ತೆ. ಮಧ್ಯಾಹ್ನ ಡಬ್ಬಿ ತೆಗೆಯುವಾಗ ಪಕ್ಕದವ ಸ್ವಲ್ಪ ಸರಿದು ಕೂರ್ತಾನೆ. ಅದು ಮನೆಗೆ ಬಂದು ಹೇಳೋದೂ ಇಲ್ಲ. ನಷ್ಟ ಅದೊಂದಕ್ಕೇ ಆಗೋದಿಲ್ಲ. ಸರಿದು ಕೂತ ಮಗು ಬೆಳಿಗ್ಗೆವರೆಗೂ ಅದರ ಗೆಳೆಯ ಆಗಿತ್ತು. ಗೆಳೆಯನ ಬಗ್ಗೆ ಭಯಪಡೋದನ್ನು ಅದಕ್ಕೆ ಶಾಲೆ ಕಲಿಸಿತು.

ಶಿಕ್ಷಣ ಹಕ್ಕು ಕಾಯ್ದೆ, 2009ರ 29ನೇ ಸೆಕ್ಷನ್ ಇದರ ಬಗ್ಗೆ ಸ್ಪಷ್ಟವಾಗಿ ಹೇಳುತ್ತೆ: ಕಲಿಕೆ ಮಗುವನ್ನು ಭಯ, ಆಘಾತ, ಆತಂಕಗಳಿಂದ ಮುಕ್ತ ಮಾಡಬೇಕು, ತನ್ನ ಅಭಿಪ್ರಾಯ ಹೇಳೋದಕ್ಕೆ ನೆರವಾಗಬೇಕು. ಮುಖ್ಯೋಪಾಧ್ಯಾಯರ ಎದುರು ಕೂತಾಗ ಈ ಸಾಲು ನಿಮ್ಮ ಕೈಯಲ್ಲಿರಲಿ.

ವಯಸ್ಸು ಸರಿ ಇದ್ದರೂ ಬಲವಂತ ಸರಿಯಲ್ಲ. 2023ರ ಮೇ ತಿಂಗಳಲ್ಲಿ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕಾಲೇಜೊಂದು ವಿದ್ಯಾರ್ಥಿನಿಯರೆಲ್ಲ 'ಕೇರಳ ಸ್ಟೋರಿ' ನೋಡಲೇಬೇಕು ಅಂತ ನೋಟಿಸ್ ಹಾಕಿತ್ತು. ಅವರು ವೈದ್ಯಕೀಯ ಓದುವ ಹುಡುಗಿಯರು, 'ಎ' ಸಿನಿಮಾ ನೋಡುವ ವಯಸ್ಸಿನವರೇ. ಆದರೂ ಜನ ಕೇಳಿದ್ದು, ಇದನ್ನು ಕಡ್ಡಾಯ ಮಾಡೋದಕ್ಕೆ ನೀವು ಯಾರು ಅಂತ.

"ಹಾಗಾದ್ರೆ ಮಕ್ಕಳಿಗೆ ಇತಿಹಾಸ ತಿಳೀಬೇಡ್ವಾ?"

ಈ ಪ್ರಶ್ನೆ ಬಂದೇ ಬರುತ್ತೆ. ನ್ಯಾಯವಾದ ಪ್ರಶ್ನೆಯೂ ಹೌದು. ಕಹಿ ಸತ್ಯವನ್ನು ಮಕ್ಕಳಿಂದ ಮುಚ್ಚಿಟ್ಟು ಬೆಳೆಸೋದು ಆಗದ ಮಾತು. ಅಮೆರಿಕದಲ್ಲಿ ನಡೆದ ಒಂದು ಘಟನೆ ಇಲ್ಲಿ ಉಪಯೋಗಕ್ಕೆ ಬರುತ್ತೆ.

ಯಹೂದಿಗಳ ನರಮೇಧದ ಬಗ್ಗೆ ಸ್ಪೀಲ್‌ಬರ್ಗ್ ಮಾಡಿದ 'ಶಿಂಡ್ಲರ್ಸ್ ಲಿಸ್ಟ್' 1993ರ ಕೊನೆಗೆ ಬಂತು. ಅಲ್ಲಿನ ಲೆಕ್ಕದಲ್ಲಿ ಅದು 'ಆರ್' ದರ್ಜೆಯ ಸಿನಿಮಾ, ಹದಿನೇಳು ತುಂಬದವರು ದೊಡ್ಡವರ ಜೊತೆ ಮಾತ್ರ ನೋಡಬೇಕು. 1994ರ ಜನವರಿಯಲ್ಲಿ ಓಕ್ಲೆಂಡ್ ನಗರದ ಒಂದು ಹೈಸ್ಕೂಲಿನವರು ಸುಮಾರು ಎಪ್ಪತ್ತು ಮಕ್ಕಳನ್ನು ಅದಕ್ಕೆ ಕರ್ಕೊಂಡು ಹೋದರು. ಕೊಲ್ಲುವ ದೃಶ್ಯ ಬಂದಾಗ ಕೆಲವು ಮಕ್ಕಳು ನಕ್ಕರು. ಅಲ್ಲಿದ್ದವರಿಗೆ ಸಿಟ್ಟು ಬಂತು, ಥಿಯೇಟರಿನವರು ಸಿನಿಮಾ ನಿಲ್ಲಿಸಿ ಮಕ್ಕಳನ್ನು ಹೊರಗೆ ಕಳಿಸಿದರು. ದೇಶವೆಲ್ಲ ಆ ಮಕ್ಕಳನ್ನು ಬೈಯಿತು. ಕೆಲವು ತಿಂಗಳ ನಂತರ ಸ್ಪೀಲ್‌ಬರ್ಗ್ ತಾನೇ ಆ ಶಾಲೆಗೆ ಬಂದು ಮಕ್ಕಳ ಜೊತೆ ಮಾತಾಡಿದ.

ಆ ಮಕ್ಕಳು ಕೆಟ್ಟವರಾಗಿರಲಿಲ್ಲ. ತಾವೇನು ನೋಡೋದಕ್ಕೆ ಹೋಗ್ತಿದ್ದೇವೆ, ಯಾಕೆ ಹೋಗ್ತಿದ್ದೇವೆ ಅಂತ ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಸತ್ಯವಾದ ಇತಿಹಾಸ, ದೊಡ್ಡ ನಿರ್ದೇಶಕ, ಒಳ್ಳೆಯ ಉದ್ದೇಶ ಎಲ್ಲ ಇದ್ದೂ ತಯಾರಿ ಇಲ್ಲದೇ ಹೋದರೆ ಫಲ ತಿರುಗುಮುರುಗಾಗುತ್ತೆ. ಹಾಗಾಗಿ ಇತಿಹಾಸ ಕಲಿಸಬೇಕು ಅನ್ನೋರಿಗೆ ನಮ್ಮ ಉತ್ತರ ಇಷ್ಟೇ: ಕಲಿಸಿ ಸ್ವಾಮಿ, ಖಂಡಿತ ಕಲಿಸಿ. ಮೊದಲು ಪಾಠ ಮಾಡಿ, ಆಮೇಲೆ ವಯಸ್ಸಿಗೆ ತಕ್ಕ ಭಾಗ ತೋರಿಸಿ, ಕೊನೆಗೆ ಕೂತು ಮಾತಾಡಿ. ಇದಕ್ಕೆಲ್ಲ ಪುರುಸೊತ್ತಿಲ್ಲ ಅಂದ್ರೆ ಸಿನಿಮಾಕ್ಕೂ ಪುರುಸೊತ್ತು ಬೇಡ.

ನಮ್ಮ ಕಡೆಗೂ ಅದೇ ಅಳತೆ

ಈಗ ನಮ್ಮವರಿಗೇ ಒಂದು ಮಾತು. ನಾವು ಶಾಲೆಗೆ ಹೋಗಿ "ಇದರಿಂದ ನಮ್ಮ ಸಮುದಾಯಕ್ಕೆ ನೋವಾಗುತ್ತೆ" ಅಂತಷ್ಟೇ ಹೇಳಿದರೆ, ಇವರು ತಮಗೆ ಬೇಡವಾದ್ದನ್ನು ತಡೆಯೋದಕ್ಕೆ ಬಂದಿದ್ದಾರೆ ಅನ್ನೋ ಉತ್ತರ ಸಿದ್ಧ ಇರುತ್ತೆ. ನೋವು ಸುಳ್ಳಲ್ಲ. ಆದರೆ ಮಗುವಿನ ವಯಸ್ಸು ಎಲ್ಲರಿಗೂ ಸಂಬಂಧಿಸಿದ್ದು. ಪಕ್ಕದ ಮನೆಯ ಕುಲಕರ್ಣಿಯವರ ಮಗಳೂ ಹನ್ನೆರಡು ವರ್ಷದವಳೇ, ಅವಳಿಗೂ ರಾತ್ರಿ ನಿದ್ದೆ ಬರಬೇಕು. ವಯಸ್ಸಿನ ಮಾತು ಎತ್ತಿದರೆ ಅವರೂ ನಿಮ್ಮ ಜೊತೆ ಬರ್ತಾರೆ.

ಆದರೆ ಆ ಮಾತಿಗೆ ಬೆಲೆ ಬರಬೇಕಾದರೆ ಅದನ್ನು ನಾವೂ ಪಾಲಿಸಬೇಕು. ಗಾಝಾದಲ್ಲಿ ಕಟ್ಟಡದ ಕೆಳಗೆ ಸಿಕ್ಕಿಕೊಂಡ ಮಕ್ಕಳ ವಿಡಿಯೋಗಳನ್ನು ನಮ್ಮ ಮನೆಗಳಲ್ಲಿ ಏಳೆಂಟು ವರ್ಷದವರ ಎದುರಿಗೇ ನೋಡ್ತೇವೆ. ಗುಂಪುಹಲ್ಲೆಯ ವಿಡಿಯೋ ಫ್ಯಾಮಿಲಿ ಗ್ರೂಪಿನಲ್ಲಿ ಬರುತ್ತೆ, ಮಗುವಿನ ಕೈಯಲ್ಲೇ ಫೋನ್ ಇರುತ್ತೆ. ಅವೆಲ್ಲ ನಿಜ, ಅನ್ಯಾಯವೂ ನಿಜ. ಆದರೂ ಎಂಟು ವರ್ಷದ ಕಣ್ಣಿಗೆ ರಕ್ತ ರಕ್ತವೇ. ನಮ್ಮ ಸಮುದಾಯದ ಶಾಲೆಯಲ್ಲೋ ಮದರಸದಲ್ಲೋ ಅಂಥದ್ದನ್ನು ತೋರಿಸಿದರೂ ಇದೇ ಪ್ರಶ್ನೆ ಕೇಳಬೇಕು.

ಕಚೇರಿ ಕನ್ನಡದಲ್ಲಿ 'ಅಮಾನತು' ಅಂದ್ರೆ ಕೆಲಸದಿಂದ ತಡೆಹಿಡಿಯೋದು. ನಮ್ಮ ಮನೆಮಾತಿನಲ್ಲಿ 'ಅಮಾನತ್' ಅಂದ್ರೆ ನಂಬಿ ಒಪ್ಪಿಸಿದ್ದು, ಹಾಗೇ ಜೋಪಾನವಾಗಿ ಹಿಂದಿರುಗಿಸಬೇಕಾದದ್ದು. ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಬಿಟ್ಟು ಬರುವ ಮಗು ಶಾಲೆಯ ಕೈಯಲ್ಲಿರುವ ಅಮಾನತ್. ಮನೆಯಲ್ಲಿರುವಾಗ ಅದೇ ಮಗು ನಮ್ಮ ಕೈಯಲ್ಲಿರುವ ಅಮಾನತ್.

ನೀವು ಏನು ಮಾಡಬಹುದು?

ಮೆಸೇಜ್ ಬಂದ ದಿನವೇ ಕೇಳಿ. ಸಿನಿಮಾ ಮುಗಿದ ಮೇಲೆ ಕೇಳಿದರೆ ಅದು ಜಗಳ ಆಗುತ್ತೆ. ಗ್ರೂಪಿನಲ್ಲಿ ಬರೆಯಬೇಡಿ, ಅಲ್ಲಿ ಮಾತು ಬೇರೆ ದಾರಿ ಹಿಡಿಯುತ್ತೆ. ಮುಖ್ಯೋಪಾಧ್ಯಾಯರಿಗೆ ನೇರವಾಗಿ ನಾಲ್ಕು ಸಾಲು ಬರೆಯಿರಿ, ಸಾಧ್ಯವಾದರೆ ಬೇರೆ ಧರ್ಮದ ಒಂದಿಬ್ಬರು ಪೋಷಕರ ಸಹಿಯೂ ಇರಲಿ. ಕೇಳಬೇಕಾದ್ದು ಇಷ್ಟು:

1. ಸಿನಿಮಾದ ಹೆಸರೇನು, ಸರ್ಟಿಫಿಕೇಟ್ ಯಾವುದು?
2. ಯಾವ ಪಾಠಕ್ಕೆ ಸಂಬಂಧಿಸಿದ್ದು? ಟೀಚರ್ ಮೊದಲೇ ಪೂರ್ತಿ ನೋಡಿದ್ದಾರಾ?
3. ಪೋಷಕರ ಲಿಖಿತ ಒಪ್ಪಿಗೆ ಕೇಳ್ತೀರಾ?
4. ಬೇಡ ಅಂದವರ ಮಗುವಿಗೆ ಆ ಹೊತ್ತು ಬೇರೆ ಏನು ಕೆಲಸ? ಹಾಜರಿ ತಪ್ಪೋದಿಲ್ಲ ತಾನೇ?
5. ಸಿನಿಮಾ ಆದ ಮೇಲೆ ಮಕ್ಕಳ ಜೊತೆ ಯಾರು ಮಾತಾಡ್ತಾರೆ?

ಬರೀ ಬೇಡ ಅನ್ನೋದರ ಬದಲು ಒಂದು ಹೆಸರನ್ನೂ ಸೂಚಿಸಿ. ಶೂ ಕಳೆದುಕೊಂಡ ಅಣ್ಣ ತಂಗಿಯ ಕಥೆ ಹೇಳುವ ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' ಇದೆ. ಕಲಿಕೆಯಲ್ಲಿ ಹಿಂದುಳಿದ ಹುಡುಗನ 'ತಾರೇ ಜಮೀನ್ ಪರ್' ಇದೆ. ಗಡಿಯಾಚೆಯ ಕನ್ನಡ ಶಾಲೆ ಉಳಿಸಿಕೊಳ್ಳುವ ಮಕ್ಕಳ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಅಂತೂ ಮಕ್ಕಳ ಚಿತ್ರ ಅಂತಲೇ ರಾಷ್ಟ್ರಪ್ರಶಸ್ತಿ ಪಡೆದದ್ದು. ಹೊರನಾಡಿನಲ್ಲಿರುವ ನಮ್ಮ ಮಕ್ಕಳು ಅದನ್ನು ನೋಡಿ ಮನೆಗೆ ಬಂದು ಕನ್ನಡದಲ್ಲೇ ಕಥೆ ಹೇಳಿಯಾರು.

ಕೇಳೋದಕ್ಕೆ ಹಿಂಜರಿಕೆ ಆಗುತ್ತೆ, ಗೊತ್ತು. ಬೇರೆ ಊರು, ಬೇರೆ ಭಾಷೆ, ಮೇಲೆ ನಮ್ಮ ಹೆಸರು. ಮಗುವಿನ ಮೇಲೆ ಕಣ್ಣು ಬೀಳುತ್ತೇನೋ ಅನ್ನೋ ಅಳುಕು. ಆದರೆ ಸರ್ಟಿಫಿಕೇಟ್ ಯಾವುದು ಅಂತ ಕೇಳೋದಕ್ಕೆ ಯಾವ ಧರ್ಮವೂ ಬೇಕಿಲ್ಲ. ಅಪ್ಪನೋ ಅಮ್ಮನೋ ಆಗಿದ್ದರೆ ಸಾಕು.