ಇಲ್ಲದ ದಾರಿಯಲ್ಲಿ ಓಡಿದ ಹುಡುಗ

ಆ ಗುಡ್ಡದ ಮೇಲೆ ಆ ದಾರಿ ಇರಲೇ ಇಲ್ಲ!

ಬೋಳು ಗುಡ್ಡ. ಅದರ ಮೈಮೇಲೆ ಅಂಕುಡೊಂಕಾಗಿ ಹತ್ತುವ ಕಾಲುದಾರಿ. ನೆತ್ತಿಯಲ್ಲಿ ಒಂಟಿ ಮರ. ಆ ದಾರಿಯಲ್ಲಿ ಏದುಸಿರು ಬಿಡುತ್ತ ಓಡುವ ಎಂಟು ವರ್ಷದ ಪೋರ. ಇರಾನಿನ ಸಿನಿಮಾ ಎಂದರೆ ಎಷ್ಟೋ ಜನರ ಕಣ್ಣಮುಂದೆ ಮೊದಲು ಬರುವುದೇ ಈ ನೋಟ. ತಲೆಮಾರುಗಳಿಂದ ಹಳ್ಳಿಯವರು ತುಳಿದು ತುಳಿದು ಸವೆಸಿದ ದಾರಿ ಎಂದೇ ನೋಡಿದವರು ಅಂದುಕೊಳ್ಳುತ್ತಾರೆ. ಅಲ್ಲವೇ ಅಲ್ಲ. ಹುಡುಗ ಓಡಲಿ ಅಂತ ನಿರ್ದೇಶಕ ಮಾಡಿಸಿದ ದಾರಿ ಅದು. ಸಿನಿಮಾಕ್ಕೆಂದು ನೆಲದ ಮೇಲೆ ಗೀರಿದ ಸುಳ್ಳು. ಆದರೆ ಆ ಪೋರನ ಏದುಸಿರು ಸುಳ್ಳಲ್ಲ, ಅವನ ಕಣ್ಣಿನ ಕಳವಳ ಸುಳ್ಳಲ್ಲ, ನೋಡುತ್ತ ಕೂತ ನಮ್ಮ ಎದೆ ಹೊಡೆದುಕೊಳ್ಳುವುದಂತೂ ಖಂಡಿತ ಸುಳ್ಳಲ್ಲ.

ಈ ಕಣ್ಕಟ್ಟು ಮಾಡಿದವನು ಅಬ್ಬಾಸ್ ಕಿಯರೊಸ್ತಮಿ. 1940ರಲ್ಲಿ ಟೆಹ್ರಾನಿನಲ್ಲಿ ಹುಟ್ಟಿದ. ಚಿತ್ರಕಲೆ ಓದಿದ, ಜಾಹೀರಾತು ಫಿಲ್ಮು ಮಾಡಿದ, ಬೇರೆಯವರ ಸಿನಿಮಾಗಳಿಗೆ ಟೈಟಲ್ ಕಾರ್ಡ್ ವಿನ್ಯಾಸ ಮಾಡಿಕೊಟ್ಟ. ಮಕ್ಕಳಿಗೆಂದೇ ಇರಾನಿನಲ್ಲಿ ‘ಕಾನೂನ್’ ಎಂಬ ಸಂಸ್ಥೆಯಿದೆ. ಅಲ್ಲಿ ಸಿನಿಮಾ ವಿಭಾಗ ಕಟ್ಟಲು ಕೈಜೋಡಿಸಿದ. 1970ರ ಮೊದಲ ಕಿರುಚಿತ್ರ ‘ಬ್ರೆಡ್ ಅಂಡ್ ಆಲಿ’ಯಲ್ಲಿ ರೊಟ್ಟಿ ತರುವ ಹುಡುಗ, ಗಲ್ಲಿಯಲ್ಲಿ ಅಡ್ಡ ನಿಂತ ನಾಯಿ, ಅಷ್ಟೇ ಕಥೆ. 1979ರ ಕ್ರಾಂತಿಯಾದ ಮೇಲೆ ಹಲವರು ದೇಶ ಬಿಟ್ಟರು. ಈತ ಬಿಡಲಿಲ್ಲ. ಅದೇ ಮಕ್ಕಳ ಸಂಸ್ಥೆಯಲ್ಲಿ ಕೂತು ಶಾಲೆ, ಹೋಮ್‌ವರ್ಕ್, ಹಲ್ಲುನೋವು ಅಂತ ಸಿನಿಮಾ ಮಾಡುತ್ತ ಹೋದ.

1987ರಲ್ಲಿ ಬಂತು ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’. ಗೆಳೆಯನ ಮನೆ ಎಲ್ಲಿ? ಕಥೆ ಇಷ್ಟೇ: ಕೊಕೆರ್ ಎಂಬ ಹಳ್ಳಿಯ ಅಹ್ಮದ್ ಕಣ್ತಪ್ಪಿನಿಂದ ಪಕ್ಕದ ಹುಡುಗನ ನೋಟ್‌ಬುಕ್ಕನ್ನೂ ಮನೆಗೆ ತಂದುಬಿಡುತ್ತಾನೆ. ನಾಳೆ ಹೋಮ್‌ವರ್ಕ್ ನೋಟ್‌ಬುಕ್ಕಿನಲ್ಲೇ ಬರೆದಿರದಿದ್ದರೆ ಆ ಹುಡುಗನನ್ನು ಶಾಲೆಯಿಂದ ಓಡಿಸುತ್ತೇನೆ ಎಂದಿದ್ದಾರೆ ಮೇಷ್ಟ್ರು. ಗೆಳೆಯನಿರುವುದು ಗುಡ್ಡದಾಚೆಯ ಪೊಶ್ತೆಯಲ್ಲಿ. ಮನೆ ಎಲ್ಲೋ ಗೊತ್ತಿಲ್ಲ. ಅಮ್ಮನಿಗೆ ಎಷ್ಟು ಹೇಳಿದರೂ ‘ಮೊದಲು ಹೋಮ್‌ವರ್ಕ್ ಮಾಡು’ ಎಂಬ ಒಂದೇ ಉತ್ತರ. ತಾತ ಸಿಗರೇಟು ತರಲು ಅಟ್ಟುತ್ತಾನೆ. ಜೇಬಿನಲ್ಲಿ ಸಿಗರೇಟು ಇದ್ದರೂ ಅಟ್ಟುತ್ತಾನೆ, ಹುಡುಗ ಮಾತು ಕೇಳುವುದನ್ನು ಕಲಿಯಲಿ ಅಂತ! ಇಡೀ ಸಿನಿಮಾದಲ್ಲಿ ಒಬ್ಬನೇ ಒಬ್ಬ ದೊಡ್ಡವನು ಆ ಮಗುವಿನ ಮಾತಿಗೆ ನಿಜವಾಗಿ ಕಿವಿಗೊಡುತ್ತಾನೆ. ಒಂದು ಕಾಲಕ್ಕೆ ಊರಿನ ಬಾಗಿಲು, ಕಿಟಕಿಗಳನ್ನೆಲ್ಲ ಕೆತ್ತಿದ ಮುದಿ ಬಡಗಿ ಅವನು. ದಾರಿ ತೋರಿಸಲು ಬರುತ್ತಾನೆ, ಆದರೆ ಅವನ ಕಾಲು ಸಾಗುವುದಿಲ್ಲ, ಇತ್ತ ಕತ್ತಲಾಗುತ್ತಿದೆ. ಕೊಲೆಯಿಲ್ಲ, ಕಳ್ಳತನವಿಲ್ಲ, ಒಂದು ನೋಟ್‌ಬುಕ್ಕಿಗಾಗಿ ಉಗುರು ಕಚ್ಚಿಕೊಂಡು ಕೂರಬೇಕು! ‘ಘಟಶ್ರಾದ್ಧ’ದ ನಾಣಿಯ ಕಣ್ಣುಗಳನ್ನು ನೋಡಿ ಬೆಳೆದ ನಮಗೆ ಮಗುವೊಂದರ ನೋಟದಲ್ಲಿ ದೊಡ್ಡವರ ಜಗತ್ತು ಎಷ್ಟು ಕ್ರೂರವಾಗಿ ಕಾಣಬಲ್ಲದು ಎಂಬುದು ಹೊಸದಲ್ಲ. ಆದರೂ ಈ ಸಿನಿಮಾದ ಕೊನೆಯ ಕ್ಷಣ ಇದೆಯಲ್ಲ, ಅದನ್ನು ನಾನು ಹೇಳುವುದಿಲ್ಲ, ಏನೇ ಕೊಟ್ಟರೂ ಹೇಳುವುದಿಲ್ಲ.

ಇಲ್ಲಿಗೆ ಮುಗಿದಿದ್ದರೂ ಕಿಯರೊಸ್ತಮಿ ದೊಡ್ಡ ನಿರ್ದೇಶಕನೇ. ಮುಗಿಯಲಿಲ್ಲ.

1990ರ ಜೂನ್ 21. ಇಟಲಿಯಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆಯುತ್ತಿದ್ದ ದಿನಗಳು. ನಡುರಾತ್ರಿ ಕಳೆದು ಸ್ವಲ್ಪ ಹೊತ್ತಿಗೆ ಉತ್ತರ ಇರಾನಿನ ರುದ್‌ಬಾರ್, ಮಂಜಿಲ್ ಸೀಮೆ ಅಲುಗಾಡಿತು. 35,000ಕ್ಕೂ ಹೆಚ್ಚು ಜನ ಸತ್ತರು. ಮಾರನೆಯ ದಿನ ಕಿಯರೊಸ್ತಮಿಗೆ ಐವತ್ತು ತುಂಬಿತು. ಕೊಕೆರ್ ಇದ್ದದ್ದು ಅದೇ ಸೀಮೆಯಲ್ಲಿ. ತನ್ನ ಸಿನಿಮಾದಲ್ಲಿ ಓಡಿದ ಆ ಹುಡುಗ ಬದುಕಿದ್ದಾನೋ ಇಲ್ಲವೋ? ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ಹುಡುಕಲು ಹೊರಟೇಬಿಟ್ಟ.

ಆ ಪ್ರಯಾಣವೇ ಎರಡನೆಯ ಸಿನಿಮಾ! 1992ರ ‘ಅಂಡ್ ಲೈಫ್ ಗೋಸ್ ಆನ್’. ಚಿತ್ರೀಕರಣ ನಡೆದದ್ದು ತಿಂಗಳುಗಳ ನಂತರ, ನಿರ್ದೇಶಕನ ಪಾತ್ರಕ್ಕೆ ಬೇರೊಬ್ಬ, ಮಗನ ಪಾತ್ರಕ್ಕೆ ಬೇರೊಬ್ಬ ಹುಡುಗ. ಬಿರುಕು ಬಿಟ್ಟ ರಸ್ತೆಗಳಲ್ಲಿ ಹಳದಿ ರೆನೋ ಕಾರು ತೆವಳುತ್ತದೆ. ಹಳೆಯ ಸಿನಿಮಾದ ಪೋಸ್ಟರ್ ಹಿಡಿದು ‘ಈ ಹುಡುಗನನ್ನು ನೋಡಿದಿರಾ?’ ಎಂದು ಕಂಡಕಂಡವರನ್ನು ಕೇಳುತ್ತ ಹೋಗುತ್ತಾನೆ ಅಪ್ಪ. ದಾರಿಯಲ್ಲಿ ಒಬ್ಬ ಮುದುಕ ಕಕ್ಕಸಿನ ಬೇಸಿನ್ ಹೊತ್ತು ನಡೆಯುತ್ತಿದ್ದಾನೆ. ಅರೆ, ಇವನು ಆ ಮುದಿ ಬಡಗಿಯಲ್ಲವೇ! ಹೌದು, ಅವನೇ. ಸತ್ತವರು ಸತ್ತರು, ಉಳಿದವರಿಗೆ ಇದು ಬೇಕಲ್ಲಪ್ಪ ಎಂಬ ಧಾಟಿ ಅವನದು. ಜೊತೆಗೊಂದು ತಕರಾರು: ನಿಮ್ಮ ಸಿನಿಮಾದವರು ನನಗೆ ಗೂನು ಕಟ್ಟಿ, ಇರುವುದಕ್ಕಿಂತ ಮುದುಕನನ್ನಾಗಿ ಮಾಡಿದರು, ಮುದುಕರನ್ನು ಹರೆಯದವರನ್ನಾಗಿ ತೋರಿಸಿದರೆ ಅದು ಕಲೆ, ಇದೆಂಥ ಕಲೆ? ತನ್ನದೆಂದು ಮನೆಯೊಂದನ್ನೂ ತೋರಿಸುತ್ತಾನೆ. ಆಮೇಲೆ ಅವನೇ ಬಾಯಿ ಬಿಡುತ್ತಾನೆ: ಅದು ಅವನ ಮನೆಯಲ್ಲ, ಸಿನಿಮಾದವರು ಕೊಟ್ಟ ಮನೆ, ಅವನಿರುವುದು ಡೇರೆಯಲ್ಲಿ!

ಇನ್ನೊಂದು ಕಡೆ ಒಬ್ಬ ಟಿವಿ ಆಂಟೆನಾ ಕಟ್ಟುತ್ತಿದ್ದಾನೆ. ತಂಗಿ ಸತ್ತಿದ್ದಾಳೆ, ಅವಳ ಮಕ್ಕಳು ಸತ್ತಿದ್ದಾರೆ. ಆದರೆ ವಿಶ್ವಕಪ್ ಬರುವುದು ನಾಲ್ಕು ವರ್ಷಕ್ಕೊಮ್ಮೆ, ನೋಡದಿರಲು ಆಗುತ್ತದೆಯೇ? ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಹುಡುಗ ಸಿಕ್ಕನೇ? ಸಿನಿಮಾ ಉತ್ತರಿಸುವುದಿಲ್ಲ. ಕಡಿದಾದ ಏರು, ಹತ್ತಲಾರದೆ ಹಿಂದಕ್ಕೆ ಜಾರುವ ಕಾರು, ಹೆಗಲ ಮೇಲೆ ಗ್ಯಾಸ್ ಸಿಲಿಂಡರ್ ಹೊತ್ತ ದಾರಿಹೋಕ. ಬಹು ದೂರದಿಂದ ತೆಗೆದ ಆ ಒಂದೇ ಶಾಟಿನಲ್ಲಿ ಸಿನಿಮಾ ಮುಗಿಯುತ್ತದೆ.

ಈಗ ನಿಜವಾದ ಬೆರಗು. ಈ ಎರಡನೆಯ ಸಿನಿಮಾದಲ್ಲಿ ಕೆಲವೇ ನಿಮಿಷದ ದೃಶ್ಯವೊಂದಿದೆ. ಹುಸೇನ್ ಎಂಬ ಹುಡುಗ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತ, ನೆಂಟರೆಲ್ಲ ಸತ್ತರು, ಭೂಕಂಪದ ಮಾರನೆಯ ದಿನವೇ ಮದುವೆಯಾದೆವು ಎನ್ನುತ್ತಾನೆ. ಅಷ್ಟೇ. ಆ ಪುಟ್ಟ ದೃಶ್ಯವನ್ನು ಚಿತ್ರೀಕರಿಸಿದ್ದು ಹೇಗೆ ಎಂಬುದೇ 1994ರ ಮೂರನೆಯ ಸಿನಿಮಾ, ‘ಥ್ರೂ ದ ಆಲಿವ್ ಟ್ರೀಸ್’! ಹಳೆಯ ತೊಟ್ಟಿಮನೆಯಲ್ಲಿ ಒಂದು ಬಾಗಿಲು ದಾಟಿದರೆ ಒಳಗೆ ಇನ್ನೊಂದು ಬಾಗಿಲು ಕಾಣುತ್ತದಲ್ಲ, ಹಾಗೆ. ಸಿನಿಮಾ ಶುರುವಾಗುವುದೇ ಒಬ್ಬ ನಟ ಕ್ಯಾಮೆರಾಕ್ಕೆ ಮುಖ ಕೊಟ್ಟು, ತಾನು ಇಲ್ಲಿ ನಿರ್ದೇಶಕನ ಪಾತ್ರ ಮಾಡುತ್ತಿದ್ದೇನೆ, ಮಿಕ್ಕವರೆಲ್ಲ ಊರಿನವರು ಎಂದು ಹೇಳಿಕೊಳ್ಳುವುದರಿಂದ. ಎರಡನೆಯ ಸಿನಿಮಾದಲ್ಲಿ ನಿರ್ದೇಶಕನಾಗಿದ್ದವನು ಇಲ್ಲಿ, ನಿರ್ದೇಶಕನ ಪಾತ್ರ ಮಾಡುವ ನಟನಾಗಿ ಬರುತ್ತಾನೆ. ತಲೆ ತಿರುಗಿತೇ? ತಿರುಗಲಿ ಬಿಡಿ!

ಹುಸೇನ್ ಗಾರೆ ಕೆಲಸದವನು, ಓದು ಬಾರದು. ಹೆಂಡತಿಯ ಪಾತ್ರ ಮಾಡುವ ತಾಹಿರೆಯನ್ನು ಅವನು ನಿಜವಾಗಿಯೇ ಪ್ರೀತಿಸುತ್ತಿದ್ದಾನೆ. ಅವಳ ಅಪ್ಪ ಅಮ್ಮ ಒಪ್ಪಿರಲಿಲ್ಲ. ಅವರು ಭೂಕಂಪದಲ್ಲಿ ಹೋದರು. ಈಗ ಅಜ್ಜಿ ಒಪ್ಪುತ್ತಿಲ್ಲ, ಮನೆಯಿಲ್ಲದವನಿಗೆ ಹುಡುಗಿ ಕೊಡಲಾರಳು. ಆದರೆ ಆ ಭೂಕಂಪ ಎಲ್ಲರ ಮನೆಯನ್ನೂ ಕೆಡವಿದೆಯಲ್ಲ, ಈಗ ಎಲ್ಲರೂ ಒಂದೇ ಅಲ್ಲವೇ ಎಂಬುದು ಅವನ ವಾದ. ಟೇಕ್ ಮೇಲೆ ಟೇಕ್. ಕ್ಯಾಮೆರಾ ಓಡುವಾಗ ಅವರು ಗಂಡ ಹೆಂಡತಿ. ಕಟ್ ಎಂದೊಡನೆ ಅವಳು ಅವನ ಕಡೆ ತಿರುಗಿಯೂ ನೋಡುವುದಿಲ್ಲ. ಸತ್ತ ನೆಂಟರು 65 ಎಂದು ಹೇಳು ಎಂದರೆ ಹುಸೇನ್ 25 ಎನ್ನುತ್ತಾನೆ, ಯಾಕೆಂದರೆ ಅವನ ಪಾಲಿನ ನಿಜ ಅದು. ನಿರ್ದೇಶಕ ತಿದ್ದುತ್ತಾನೆ, ಮತ್ತೆ ಟೇಕ್. ಸಿನಿಮಾ ಮಾಡುವವರೆಲ್ಲ ಒಮ್ಮೆಯಾದರೂ ನೋಡಬೇಕಾದ ಜಾಗ ಇದು. ಹಿಂದಿನ ಸಿನಿಮಾದಲ್ಲಿ ನಾವು ಮರುಗಿದ ಲೆಕ್ಕ ಕಟ್ಟಿದ ಲೆಕ್ಕ ಎಂದು ನಮ್ಮೆದುರೇ ಒಪ್ಪಿಕೊಳ್ಳುತ್ತಾನೆ ಪುಣ್ಯಾತ್ಮ, ಆದರೂ ನಮ್ಮ ಮರುಕ ಒಂದಿಷ್ಟೂ ಇಳಿಯುವುದಿಲ್ಲ.

ಕೊನೆಯ ಶಾಟ್ ಅಂತೂ! ಆಲಿವ್ ತೋಪು ದಾಟಿ, ಹಸಿರು ಹೊಲದ ನಡುವೆ ಅವಳು ನಡೆಯುತ್ತಾಳೆ, ಅವನು ಹಿಂದೆ. ಕ್ಯಾಮೆರಾ ಗುಡ್ಡದ ಮೇಲಿಂದ ಅಲುಗದೆ ನೋಡುತ್ತಿದೆ. ಇಬ್ಬರೂ ಬಿಳಿ ಚುಕ್ಕೆಗಳಾಗುತ್ತಾರೆ. ಚುಕ್ಕೆಗಳು ಹತ್ತಿರವಾಗುತ್ತವೆ. ಏನೋ ಮಾತಾಯಿತು. ಒಂದು ಚುಕ್ಕೆ ತಿರುಗಿ ಓಡಿ ಬರುತ್ತದೆ. ಅವಳು ಹೂಂ ಎಂದಳೋ ಉಹೂಂ ಎಂದಳೋ? ಹೂಂ ಎಂದೇ ಅಂದಳು ಎಂಬುದು ನನ್ನ ಹಟ. ಪ್ರತಿಯಾಗಿ ವಾದಿಸುವವರು ಬೇಕಾದಷ್ಟು ಜನ ಇದ್ದಾರೆ.

ಅಂದಹಾಗೆ, ಭೂಕಂಪದಲ್ಲಿ ಏನಾದನೋ ಎಂದು ಹುಡುಕಿದ ಆ ಹುಡುಗ? ಈ ಮೂರನೆಯ ಸಿನಿಮಾದಲ್ಲಿ ಸುಮ್ಮನೆ, ಒಂದು ಗದ್ದಲವಿಲ್ಲದೆ, ತಮ್ಮನ ಜೊತೆ ಬಂದು ಹೋಗುತ್ತಾನೆ. ಬದುಕಿದ್ದಾನೆ! ನಿರ್ದೇಶಕ ಬೆರಳು ಮಾಡಿ ತೋರಿಸುವುದೂ ಇಲ್ಲ. ಕಣ್ಣಿಟ್ಟು ನೋಡಿದವರಿಗೆ ಮಾತ್ರ ಆ ಉಡುಗೊರೆ.

ಈ ಮೂರರ ಮಧ್ಯೆ, ಭೂಕಂಪವಾದ ಅದೇ 1990ರಲ್ಲಿ, ‘ಕ್ಲೋಸ್ ಅಪ್’ ಎಂಬ ಇನ್ನೊಂದು ಸಿನಿಮಾ ಬಂದಿತ್ತು. ಹುಸೇನ್ ಸಬ್ಜಿಯಾನ್ ಎಂಬ ಬಡವನೊಬ್ಬ ಟೆಹ್ರಾನಿನ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ, ತಾನೇ ಹೆಸರಾಂತ ನಿರ್ದೇಶಕ ಮೊಹ್ಸೆನ್ ಮಖ್ಮಲ್‌ಬಾಫ್ ಎಂದುಬಿಟ್ಟ. ಅವಳ ಮನೆಯವರು ನಂಬಿದರು, ಉಣಬಡಿಸಿದರು, ಅವನ ಸಿನಿಮಾದಲ್ಲಿ ನಟಿಸಲು ಸಿದ್ಧರಾದರು. ಕೊನೆಗೆ ಸಿಕ್ಕಿಬಿದ್ದ, ಜೈಲು ಸೇರಿದ. ಪತ್ರಿಕೆಯಲ್ಲಿ ಸುದ್ದಿ ಓದಿದ ಕಿಯರೊಸ್ತಮಿ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದ. ನ್ಯಾಯಾಧೀಶರನ್ನು ಒಪ್ಪಿಸಿ ವಿಚಾರಣೆಗೇ ಕ್ಯಾಮೆರಾ ಒಯ್ದ. ಮೋಸ ಮಾಡಿದವನು, ಮೋಸಹೋದವರು, ಸುದ್ದಿ ಬರೆದ ಪತ್ರಕರ್ತ, ಎಲ್ಲರೂ ನಡೆದದ್ದನ್ನು ತಾವೇ ಮತ್ತೆ ನಟಿಸಿದರು! ನಿರ್ದೇಶಕನಾಗಬೇಕೆಂದು ಸುಳ್ಳು ಹೇಳಿದವನು ಕೊನೆಗೆ ಸಿನಿಮಾದ ನಾಯಕನೇ ಆದ. ಕೊನೆಯಲ್ಲಿ ನಿಜವಾದ ಮಖ್ಮಲ್‌ಬಾಫ್ ಜೈಲಿನ ಹೊರಗೆ ಕಾದು ನಿಂತಿರುತ್ತಾನೆ. ಸಬ್ಜಿಯಾನ್ ಅವನನ್ನು ಕಂಡು ಗಳಗಳನೆ ಅಳುತ್ತಾನೆ. ಮೈಕು ಕೆಟ್ಟು ಮಾತು ತುಂಡುತುಂಡಾಗಿ ಕೇಳುತ್ತದೆ. ಆ ಕೆಟ್ಟ ಮೈಕೂ ನಿರ್ದೇಶಕನ ಕೈಚಳಕವೇ. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರನ್ನು ಕೇಳಿ ಮಾಡಿದ ಸಾರ್ವಕಾಲಿಕ ಶ್ರೇಷ್ಠ ಸಿನಿಮಾಗಳ ಪಟ್ಟಿಯಲ್ಲಿ ಇದಕ್ಕೆ 17ನೇ ಸ್ಥಾನ.

1997ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯನ್ನು ಜಪಾನಿನ ಶೋಹೆ ಇಮಾಮುರಾನ ‘ದ ಈಲ್’ ಜೊತೆ ಹಂಚಿಕೊಂಡದ್ದು ‘ಟೇಸ್ಟ್ ಆಫ್ ಚೆರಿ’. ಸಾಯಲು ಹೊರಟವನೊಬ್ಬ, ತನ್ನ ಮೇಲೆ ಮಣ್ಣು ಹಾಕುವವರನ್ನು ಹುಡುಕುತ್ತ ಟೆಹ್ರಾನಿನ ಅಂಚಿನಲ್ಲಿ ಕಾರು ಓಡಿಸುತ್ತಾನೆ. ನಾಯಕ ಹೊಮಾಯೂನ್ ಎರ್ಶಾದಿ ವೃತ್ತಿಯಿಂದ ವಾಸ್ತುಶಿಲ್ಪಿ. ಟ್ರಾಫಿಕ್‌ನಲ್ಲಿ ಕಾರಿನೊಳಗೆ ಕೂತವನನ್ನು ಕಂಡು ಕಿಯರೊಸ್ತಮಿ ಕರೆದ. ಕಾರಿನಲ್ಲಿ ಅಕ್ಕಪಕ್ಕ ಕೂತು ಮಾತಾಡುವಂತೆ ಕಾಣುವವರು ಚಿತ್ರೀಕರಣದಲ್ಲಿ ಅಕ್ಕಪಕ್ಕ ಕೂತಿರಲೇ ಇಲ್ಲ. ಪ್ರತಿಯೊಬ್ಬರ ಎದುರು ಸೀಟಿನಲ್ಲಿ ಕೂತು ಮಾತಾಡಿಸಿದವನು ಕಿಯರೊಸ್ತಮಿಯೇ! ಅಮೆರಿಕದ ರೋಜರ್ ಈಬರ್ಟ್ ಇದಕ್ಕೆ ಒಂದೇ ನಕ್ಷತ್ರ ಕೊಟ್ಟು ಬೇಸರಪಟ್ಟಿದ್ದ. ಒಳ್ಳೆಯ ವಿಮರ್ಶಕನಿಗೂ ಒಂದೊಂದು ದಿನ ಕಣ್ಣು ಮಂಜಾಗುತ್ತದೆ.

2008ರ ‘ಶಿರೀನ್’ ಅಷ್ಟಾಗಿ ಹಿಡಿಸಲಿಲ್ಲ. ಅದರ ಹಿಂದಿನ ಯುಕ್ತಿ ಮಾತ್ರ ತಲೆಯಿಂದ ಇಳಿದಿಲ್ಲ. ಸಿನಿಮಾ ನೋಡುತ್ತ ಕಣ್ಣೀರು ಹಾಕುವ ನೂರಕ್ಕೂ ಹೆಚ್ಚು ನಟಿಯರ ಮುಖಗಳೇ ಇಡೀ ಚಿತ್ರ. ಅವರೆದುರು ಯಾವ ಸಿನಿಮಾವೂ ಓಡುತ್ತಿರಲಿಲ್ಲ, ಕೂರಿಸಿದ್ದು ಕಿಯರೊಸ್ತಮಿಯ ಮನೆಯ ಹಾಲ್‌ನಲ್ಲಿ! ಕೇಳಿಸುವ ಕಥೆಯನ್ನು ಆಮೇಲೆ ಜೋಡಿಸಿದ. ಇಟಲಿ, ಜಪಾನುಗಳಲ್ಲಿ ಮಾಡಿದ ಕೊನೆಯ ಸಿನಿಮಾಗಳು ಚೆನ್ನಾಗಿವೆ, ಆದರೆ ಕೊಕೆರಿನ ಮಣ್ಣಿನ ವಾಸನೆ ಅವಕ್ಕಿಲ್ಲ. 2016ರ ಜುಲೈ 4ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಸತ್ಯಜಿತ್ ರಾಯ್ ಹೋದಾಗ ಕುಗ್ಗಿಹೋಗಿದ್ದ ಜಪಾನಿನ ನಿರ್ದೇಶಕ ಕುರೊಸಾವಾ, ಆ ಜಾಗ ತುಂಬಲು ದೇವರು ಸರಿಯಾದವನನ್ನೇ ಕೊಟ್ಟ ಎಂದು ಹೇಳಿದ್ದು ಇವನ ಸಿನಿಮಾಗಳನ್ನು ನೋಡಿ.

ಕೊಕೆರಿನ ಮೂರೂ ಸೇರಿದರೆ ಐದು ಗಂಟೆಗೂ ಕಡಿಮೆ. ಒಂದೇ ಭಾನುವಾರ ಸಾಕು. ದಯವಿಟ್ಟು ಕ್ರಮ ತಪ್ಪಿಸಬೇಡಿ: ಮೊದಲು ಗೆಳೆಯನ ಮನೆ, ಆಮೇಲೆ ಹಳದಿ ಕಾರು, ಕೊನೆಗೆ ಆಲಿವ್ ತೋಪು. ಮನೆಯಲ್ಲಿ ಮಕ್ಕಳಿದ್ದರೆ ಮೊದಲನೆಯದಕ್ಕೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವತ್ತೊಂದು ದಿನ ಹೋಮ್‌ವರ್ಕ್ ಮಾಡು ಅಂತ ಎಬ್ಬಿಸಬೇಡಿ.