ಒಂದೇ ಗಣಕಕ್ಕೆ ಹಲವು ವಾದ್ಯಗಳು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಯವರಿಗೆ ಯಕ್ಷಗಾನದ ಹಿಮ್ಮೇಳ ಹೊಸದಲ್ಲ. ಭಾಗವತರ ಹಾಡು, ಚೆಂಡೆ, ಮದ್ದಳೆ, ಶ್ರುತಿ ಎಲ್ಲವೂ ಒಟ್ಟಿಗೆ ಕೇಳಿಸಿದರೂ ಪ್ರತಿಯೊಂದಕ್ಕೂ ಅದರದೇ ಸ್ಥಾನವಿದೆ. ಈಗ ನಿಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕಾಗಿ ಎರಡು ಕೀಬೋರ್ಡು, ಒಂದು ಡ್ರಮ್ ಪ್ಯಾಡ್ ತಂದು ಒಂದೇ ಕಂಪ್ಯೂಟರಿಗೆ ಜೋಡಿಸಲು ಹೊರಟಿದ್ದೀರಿ ಎಂದುಕೊಳ್ಳಿ. ಅಲ್ಲಿಯೂ ಇದೇ ವ್ಯವಸ್ಥೆ ಬೇಕು. ಕೇಬಲ್ ಸಿಕ್ಕಿಸುವುದು ಅರ್ಧ ಕೆಲಸ. ಯಾವ ವಾದ್ಯಕ್ಕೆ ಯಾವ ಸ್ಥಾನ ಎಂದು ಗೊತ್ತುಮಾಡುವುದು ಉಳಿದರ್ಧ.

ಮಿಡಿ ಎಂದರೆ ನಮಗೆ ಉಪ್ಪಿನಕಾಯಿಯ ಮಾವಿನಮಿಡಿ ನೆನಪಾಗಬಹುದು. ಇಲ್ಲಿ ಹೇಳುತ್ತಿರುವ ಮಿಡಿ ಬೇರೆ. ಅದು 'ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್' ಎಂಬುದರ ಹ್ರಸ್ವರೂಪ. ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಪರಸ್ಪರ ಮಾತನಾಡಲೆಂದು 1983ರಲ್ಲಿ ಬಂದ ಸಮಾನ ಭಾಷೆ ಇದು. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಇದರ ಮೂಲಪುರುಷರು.

ಒಂದು ಅಂಶವನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ಮಿಡಿ ಕೇಬಲಿನಲ್ಲಿ ನಾದ ಹರಿಯುವುದಿಲ್ಲ, ಸೂಚನೆ ಹರಿಯುತ್ತದೆ. ನೀವು ಒಂದು ಕೀಲಿಯನ್ನು ಒತ್ತಿದಾಗ ಯಾವ ಸ್ವರ, ಎಷ್ಟು ಬಲದಿಂದ, ಯಾವ ಚಾನೆಲಿನಲ್ಲಿ ಎಂಬ ಸಂದೇಶ ಮಾತ್ರ ಹೊರಡುತ್ತದೆ. ಸ್ವರಕ್ಕೂ ಬಲಕ್ಕೂ 0ಯಿಂದ 127ರ ವರೆಗಿನ ಸಂಖ್ಯೆಗಳಿವೆ, ಚಾನೆಲುಗಳು 16. ಇದನ್ನು ಸ್ವರಲಿಪಿಗೆ ಹೋಲಿಸಬಹುದು. ಲಿಪಿಯನ್ನು ಓದಿ ನಾದ ಹೊರಡಿಸುವ ಕೆಲಸ ಕಂಪ್ಯೂಟರಿನ ತಂತ್ರಾಂಶದ್ದು.

ಇನ್ನು ಜೋಡಣೆಯ ಕ್ರಮ. ಇಂದಿನ ಹೆಚ್ಚಿನ ಕಂಟ್ರೋಲರುಗಳಲ್ಲಿ ಯುಎಸ್‌ಬಿ ಸೌಲಭ್ಯವಿದೆ. ಸಾಧ್ಯವಾದರೆ ಒಂದೊಂದನ್ನೂ ಪ್ರತ್ಯೇಕ ಕಿಂಡಿಗೆ ಸೇರಿಸಿ. ಕಿಂಡಿಗಳು ಸಾಲದಿದ್ದರೆ ಹಬ್ ಬಳಸಬೇಕಾಗುತ್ತದೆ. ಆದರೆ ಯುಎಸ್‌ಬಿ 2.0ರ ಒಂದು ಕಿಂಡಿ ಕೊಡುವ ವಿದ್ಯುತ್ತಿಗೆ 500 ಮಿಲಿ ಆಂಪಿಯರ್ ಎಂಬ ಮಿತಿಯಿದೆ. ಸ್ವಂತ ಅಡಾಪ್ಟರ್ ಇಲ್ಲದ ಹಬ್‌ಗೆ ಮೂರು ವಾದ್ಯ ಸಿಕ್ಕಿಸಿದರೆ ಇಷ್ಟನ್ನೇ ಮೂರೂ ಹಂಚಿಕೊಳ್ಳಬೇಕು. ಕಾರ್ಯಕ್ರಮದ ನಡುವೆ ಒಂದು ವಾದ್ಯ ಇದ್ದಕ್ಕಿದ್ದಂತೆ ಮಾಯವಾಗುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಅಡಾಪ್ಟರ್ ಇರುವ ಹಬ್ಬನ್ನೇ ಆರಿಸಿ.

ಹಳೆಯ ಕೀಬೋರ್ಡಾದರೆ ಅದರ ಹಿಂಬದಿಯಲ್ಲಿ ಐದು ಪಿನ್ನಿನ ದುಂಡು ಕಿಂಡಿಗಳಿರುತ್ತವೆ: ಇನ್, ಔಟ್, ಥ್ರೂ. ಕಂಪ್ಯೂಟರಿಗೆ ಒಂದು ಮಿಡಿ ಇಂಟರ್‌ಫೇಸ್ ಪೆಟ್ಟಿಗೆ ಜೋಡಿಸಿ, ಕೀಬೋರ್ಡಿನ ಔಟ್‌ನಿಂದ ಪೆಟ್ಟಿಗೆಯ ಇನ್‌ಗೆ ಕೇಬಲ್ ಕೊಡಬೇಕು. ಎರಡು ಕೀಬೋರ್ಡುಗಳ ಔಟ್‌ಗಳನ್ನು ಕವಲು ಕೇಬಲಿನಿಂದ ಕೂಡಿಸಲು ಹೋಗಬೇಡಿ. ಇಬ್ಬರು ಒಮ್ಮೆಗೇ ಮಾತನಾಡಿದಂತೆ ಸಂದೇಶಗಳು ಕಲಸಿಹೋಗುತ್ತವೆ. ಥ್ರೂ ಕೂಡ ಇಲ್ಲಿ ನೆರವಾಗದು. ಇನ್‌ಗೆ ಬಂದದ್ದನ್ನು ಮುಂದಕ್ಕೆ ದಾಟಿಸುವುದಷ್ಟೇ ಅದರ ಕೆಲಸ, ತನ್ನ ಕೀಲಿಗಳ ಸಂದೇಶವನ್ನು ಅದು ಸೇರಿಸುವುದಿಲ್ಲ. ಹಲವು ಇನ್‌ಗಳಿರುವ ಇಂಟರ್‌ಫೇಸ್ ಅಥವಾ ಸಂದೇಶಗಳನ್ನು ಸರದಿಯಲ್ಲಿ ಕೂಡಿಸುವ ಮರ್ಜ್ ಪೆಟ್ಟಿಗೆ ಬೇಕು.

ಒಂದೇ ಕೇಬಲಿನಲ್ಲಿ ಎಲ್ಲವನ್ನೂ ಕಳಿಸಿದರೆ ತಡವಾಗದೆ? ಐದು ಪಿನ್ನಿನ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಸ್ವರದ ಸಂದೇಶಕ್ಕೆ 30 ಬಿಟ್ ಬೇಕು. ಅಂದರೆ ಸುಮಾರು 1 ಮಿಲಿಸೆಕೆಂಡ್. ಹತ್ತು ಸ್ವರಗಳು ಒಮ್ಮೆಗೇ ಬಂದರೆ ಕೊನೆಯದು ಹತ್ತಿರ ಹತ್ತಿರ 10 ಮಿಲಿಸೆಕೆಂಡ್ ಹಿಂದೆ ಬೀಳಬಹುದು. ಆದಕಾರಣ ತಾಳವಾದ್ಯಕ್ಕೆ ಪ್ರತ್ಯೇಕ ಹಾದಿ ಇರುವುದು ಒಳ್ಳೆಯದು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಸಂಗೀತದ ಜೀವ ಗಮಕದಲ್ಲಿದೆ. ಕೀಬೋರ್ಡಿನಲ್ಲಿ ಸ್ವರವನ್ನು ಜಾರಿಸಲು ಬಳಸುವ ಚಕ್ರಕ್ಕೆ ಪಿಚ್ ಬೆಂಡ್ ಎಂದು ಹೆಸರು. ಅದರ ಚಲನೆಯಲ್ಲಿ 16,384 ಹಂತಗಳಿವೆ, ಸೂಕ್ಷ್ಮತೆಗೆ ಕೊರತೆಯಿಲ್ಲ. ಆದರೆ ಪಿಚ್ ಬೆಂಡ್ ಸಂದೇಶ ಒಂದು ಸ್ವರಕ್ಕಲ್ಲ, ಆ ಇಡೀ ಚಾನೆಲಿಗೆ ಅನ್ವಯಿಸುತ್ತದೆ. ಒಬ್ಬರು ಷಡ್ಜ ಪಂಚಮಗಳನ್ನು ಶ್ರುತಿಯಾಗಿ ಹಿಡಿದಿದ್ದಾರೆ, ಇನ್ನೊಬ್ಬರು ರಾಗ ನುಡಿಸುತ್ತಿದ್ದಾರೆ. ಎರಡೂ ಒಂದೇ ಚಾನೆಲಿನಲ್ಲಿ ಒಂದೇ ನಾದಕ್ಕೆ ಹೋಗುತ್ತಿವೆ ಎನ್ನಿ. ರಿಷಭವನ್ನು ಅಲುಗಿಸಿದ ಕೂಡಲೇ ಶ್ರುತಿಯೂ ಅದರೊಡನೆ ಅಲುಗುತ್ತದೆ! ಆಧಾರವೇ ಜಾರಿದ ಮೇಲೆ ರಾಗ ನಿಲ್ಲುವುದೆಲ್ಲಿ?

ಪರಿಹಾರ ಸುಲಭ. ಶ್ರುತಿಗೆ ಚಾನೆಲ್ 1, ರಾಗಕ್ಕೆ 2, ಚೆಂಡೆ ಮದ್ದಳೆಯ ನಾದ ತುಂಬಿದ ಪ್ಯಾಡಿಗೆ 3 ಎಂದು ಹಂಚಿ. ತಂತ್ರಾಂಶದ ಪ್ರತಿ ಟ್ರ್ಯಾಕಿನಲ್ಲೂ 'ಎಲ್ಲ ಇನ್‌ಪುಟ್‌ಗಳು' ಎಂಬುದನ್ನು ಬಿಟ್ಟು ಆಯಾ ಉಪಕರಣ ಮತ್ತು ಚಾನೆಲನ್ನು ಆರಿಸಿ. 1991ರ ಜನರಲ್ ಮಿಡಿ ನಿಯಮದಂತೆ 10ನೆಯ ಚಾನೆಲ್ ತಾಳವಾದ್ಯಗಳಿಗೆ ಮೀಸಲು. ಆ ನಿಯಮ ಪಾಲಿಸುವ ನಾದಗಳಿದ್ದಲ್ಲಿ ರಾಗವನ್ನು ಅಲ್ಲಿಗೆ ಕಳಿಸಿದರೆ ಡ್ರಮ್ ಕೇಳಿಸೀತು. ಒಂದೊಂದು ಸ್ವರಕ್ಕೂ ಒಂದೊಂದು ಚಾನೆಲ್ ಕೊಡುವ ಎಂಪಿಇ ಎಂಬ ಕ್ರಮಕ್ಕೆ 2018ರಲ್ಲಿ ಮನ್ನಣೆ ದೊರೆಯಿತು. ಹೊಸ ಕಂಟ್ರೋಲರ್ ಕೊಳ್ಳುವವರು ಇದನ್ನು ವಿಚಾರಿಸಿ ನೋಡಬಹುದು.

ಯಂತ್ರ ಹೊರಗಿನದು, ಅದರಲ್ಲಿ ನಮ್ಮ ರಾಗ ಹೇಗೆ ಬಂದೀತು ಎಂದು ಕೇಳುವವರಿದ್ದಾರೆ. ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949–2019) ಪಾಶ್ಚಾತ್ಯ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತದ ಗಮಕಗಳಿಗೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ವಾದ್ಯದ ಇತಿಮಿತಿಯನ್ನು ಅರಿತವರೇ ಅದನ್ನು ದಾಟಬಲ್ಲರು.

ಇನ್ನೆರಡು ಎಚ್ಚರಿಕೆಗಳು. ಸ್ವಂತ ನಾದವಿರುವ ಕೀಬೋರ್ಡಿನಲ್ಲಿ ಸ್ವರ ಎರಡೆರಡು ಸಲ ಕೇಳಿಸಿದರೆ 'ಲೋಕಲ್ ಕಂಟ್ರೋಲ್' ಎಂಬುದನ್ನು ಆಫ್ ಮಾಡಿ. ವಾದ್ಯಗಳಲ್ಲಿ ತಾಳದ ಗಡಿಯಾರವಿದ್ದರೆ ಒಂದನ್ನು ಮಾತ್ರ ಯಜಮಾನನನ್ನಾಗಿಸಿ. ಮಿಡಿ ಗಡಿಯಾರ ಕಾಲು ಸ್ವರವೊಂದಕ್ಕೆ 24 ಮಿಡಿತ ಕಳಿಸುತ್ತದೆ. ರಂಗಸ್ಥಳದಲ್ಲಿ ಒಂದು ಹೊತ್ತಿಗೆ ಒಬ್ಬರೇ ಭಾಗವತರು ಆಟ ನಡೆಸುವಂತೆ ಇದು. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದರೆ ಅಭ್ಯಾಸ ನಿಲ್ಲಿಸಿ ಪ್ಲಗ್‌ಗಳನ್ನು ತೆಗೆದಿಡಿ ಎಂಬುದು ನಮ್ಮ ಜಿಲ್ಲೆಯವರಿಗೆ ಹೇಳಲೇಬೇಕಾದ ಮಾತು.

ಕೊನೆಗೊಂದು ಅಭ್ಯಾಸ. ಮೊದಲು ಒಂದೇ ಕೀಬೋರ್ಡನ್ನು ಜೋಡಿಸಿ, ನುಡಿಸಿ ನೋಡಿ. ಅನಂತರ ಎರಡನೆಯದು, ಆಮೇಲೆ ಪ್ಯಾಡ್. ಶ್ರುತಿ ಹಿಡಿದಿಟ್ಟು ರಾಗದ ಕೀಬೋರ್ಡಿನ ಪಿಚ್ ಬೆಂಡ್ ಚಕ್ರವನ್ನು ಮೇಲೆ ಕೆಳಗೆ ತಿರುಗಿಸಿ. ಶ್ರುತಿ ಅಲುಗದೆ ನಿಂತರೆ ನಿಮ್ಮ ಜೋಡಣೆ ಸರಿಯಾಗಿದೆ. ಅಲುಗಿದರೆ ಚಾನೆಲುಗಳ ಸಂಖ್ಯೆಯನ್ನು ಮತ್ತೊಮ್ಮೆ ನೋಡಿ.